ದುಬಾರಿ ಪ್ರೊಸೆಸರ್‌ಗೆ ಕೊಡುವ ಹೆಚ್ಚುವರಿ ಹಣಕ್ಕೆ ಏನು ಸಿಗುತ್ತದೆ?

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, ಸ್ಥೂಲವಾಗಿ ಹೇಳುವುದಾದರೆ, ಇಂಟೆಲ್ ಕಂಪನಿಯ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯದ್ದಾದರೆ ರೈಜನ್ 2000 ಸರಣಿಯದು ಅಥವಾ ಅದರ ನಂತರದ್ದಾಗಿರಬೇಕು. ಹೀಗಾಗಿ ಏಳೆಂಟು ವರ್ಷಗಳಿಂದ ಪ್ರೊಸೆಸರ್ ಎಂಬ ಪದವನ್ನೇ ನೆನೆಸಿಕೊಳ್ಳದಿದ್ದವರೂ ಈಗ ಅಂಗಡಿಯ ಮುಂದೆ ನಿಂತಿದ್ದಾರೆ. ಕಾಲೇಜು ಪ್ರವೇಶದ ದಿನಗಳಲ್ಲಿ ಲ್ಯಾಪ್‌ಟಾಪ್ ಹುಡುಕುವ ಪೋಷಕರಂತೂ ಪ್ರತಿ ವರ್ಷ ಇದ್ದೇ ಇರುತ್ತಾರೆ.

ಅಂಗಡಿಯಲ್ಲಿ ಎಲ್ಲರಿಗೂ ಎದುರಾಗುವುದು ಒಂದೇ ಮಾತು: "ಇನ್ನು ಹದಿನೈದು ಸಾವಿರ ಹಾಕಿದರೆ ಐ7 ಬರುತ್ತದೆ ಸರ್, ಐದಾರು ವರ್ಷ ಚಿಂತೆ ಇರುವುದಿಲ್ಲ." ಐ7 ಎಂದರೆ ಇಂಟೆಲ್‌ನ ಮೇಲಿನ ದರ್ಜೆಯ ಪ್ರೊಸೆಸರ್; ಐ5, ಐ3 ಅದರ ಕೆಳಗಿನವು. ಈ ಮಾತು ಕೆಲವರ ಪಾಲಿಗೆ ನಿಜ, ಬಹಳಷ್ಟು ಜನರ ಪಾಲಿಗೆ ಸುಳ್ಳು. ನೀವು ಯಾವ ಗುಂಪಿನವರು ಎಂದು ಗೊತ್ತುಮಾಡಿಕೊಳ್ಳಲು ಪ್ರೊಸೆಸರ್ ಬಗ್ಗೆ ಮೂರು ನಾಲ್ಕು ಸಂಗತಿ ತಿಳಿದಿದ್ದರೆ ಸಾಕು.

ವೇಗ ನಿಂತಿತು, ಕೋರ್‌ಗಳು ಹೆಚ್ಚಿದವು

ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡುವ, ಹೋಲಿಸುವ, ಮುಂದೇನು ಮಾಡಬೇಕೆಂದು ನಿರ್ಧರಿಸುವ ಚಿಪ್ ಪ್ರೊಸೆಸರ್. 1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಅದರ ಗಡಿಯಾರ ಸೆಕೆಂಡಿಗೆ ಸುಮಾರು ಏಳೂವರೆ ಲಕ್ಷ ಬಾರಿ ಮಿಡಿಯುತ್ತಿತ್ತು. ಇಂದಿನ 5 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 500 ಕೋಟಿ ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಒಂದಿಷ್ಟು ಕೆಲಸ ಮುಂದೆ ಸಾಗುತ್ತದೆ.

ಮೂವತ್ತು ವರ್ಷ ಈ ಮಿಡಿತವನ್ನು ಹೆಚ್ಚಿಸುವುದೇ ಕಂಪನಿಗಳ ಪೈಪೋಟಿಯಾಗಿತ್ತು. 2004ರಲ್ಲಿ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ತಲುಪಿತು, ಅಲ್ಲಿಗೆ ಓಟ ಹೆಚ್ಚುಕಡಿಮೆ ನಿಂತಿತು. ಕಾರಣ ಬಿಸಿ. ವೇಗ ಹೆಚ್ಚಿಸಲು ವೋಲ್ಟೇಜ್ ಹೆಚ್ಚಿಸಬೇಕು, ವೋಲ್ಟೇಜ್ ಹೆಚ್ಚಿದರೆ ವಿದ್ಯುತ್ತಿನ ಬಳಕೆ ಅದಕ್ಕಿಂತ ಜೋರಾಗಿ ಏರುತ್ತದೆ, ಬೆರಳುಗುರಿನಷ್ಟು ಜಾಗದಿಂದ ಅಷ್ಟು ಬಿಸಿಯನ್ನು ಹೊರಹಾಕುವುದು ಕಷ್ಟ. ಆಗ ಕಂಪನಿಗಳು ಬೇರೆ ದಾರಿ ಹಿಡಿದವು. ಒಂದೇ ಚಿಪ್‌ನಲ್ಲಿ ಎರಡು ಪೂರ್ಣ ಲೆಕ್ಕಯಂತ್ರಗಳನ್ನು ಇಟ್ಟವು. ಅವೇ ಕೋರ್‌ಗಳು. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಎರಡು ಕೋರ್‌ಗಳ ಪ್ರೊಸೆಸರ್ ತಂದವು. ಆಮೇಲೆ ನಾಲ್ಕು, ಆರು, ಎಂಟು, ಈಗ ಹದಿನಾರು, ಇಪ್ಪತ್ತನಾಲ್ಕು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಇಂದು ಒಂದು ಪೀಳಿಗೆಯೊಳಗಿನ ಅಗ್ಗದ ಪ್ರೊಸೆಸರ್‌ಗೂ ದುಬಾರಿ ಪ್ರೊಸೆಸರ್‌ಗೂ ಇರುವ ಮುಖ್ಯ ಅಂತರ ಕೋರ್‌ಗಳ ಸಂಖ್ಯೆಯಲ್ಲಿದೆ. ಒಂದೊಂದು ಕೋರ್‌ನ ವೇಗದಲ್ಲಿರುವ ಅಂತರ ಚಿಕ್ಕದು.

ಇನ್ನೆರಡು ಪದಗಳನ್ನು ಮುಗಿಸಿಬಿಡೋಣ. ಒಂದು ಕೋರ್ ಎರಡು ಕೆಲಸದ ಸಾಲುಗಳನ್ನು ಒಟ್ಟಿಗೆ ನಿಭಾಯಿಸಿದರೆ ಅದಕ್ಕೆ ಎರಡು ಥ್ರೆಡ್‌ಗಳಿವೆ ಎನ್ನುತ್ತಾರೆ. ಆರು ಕೋರ್, ಹನ್ನೆರಡು ಥ್ರೆಡ್ ಎಂದು ಬರೆದಿರುವುದರ ಅರ್ಥ ಅದು. ಥ್ರೆಡ್ ಎಂದರೆ ಇನ್ನೊಂದು ಕೋರ್ ಎಂದುಕೊಳ್ಳಬೇಡಿ, ಇರುವ ಕೋರ್ ಸುಮ್ಮನೆ ಕೂರದಂತೆ ನೋಡಿಕೊಳ್ಳುವ ಏರ್ಪಾಡು ಅಷ್ಟೇ. ಕ್ಯಾಶ್ ಮೆಮೊರಿ ಎಂದರೆ ಪ್ರೊಸೆಸರ್‌ನ ಒಳಗೇ ಇರುವ ಸಣ್ಣ, ಬಹಳ ವೇಗದ ನೆನಪಿನ ಜಾಗ. ಮತ್ತೆ ಮತ್ತೆ ಬೇಕಾಗುವ ಮಾಹಿತಿ ಅಲ್ಲಿದ್ದರೆ ಕಂಪ್ಯೂಟರ್‌ನ ಮುಖ್ಯ ನೆನಪಿನ ಜಾಗವಾದ, ದೂರದ ರ‍್ಯಾಮ್‌ವರೆಗೆ ಹೋಗುವುದು ತಪ್ಪುತ್ತದೆ.

ಒಂದೇ ದಿನ ಬಂದ ಮೂರು ಪ್ರೊಸೆಸರ್‌ಗಳು

ಪೀಳಿಗೆ ಬೇರೆ, ಕಂಪನಿ ಬೇರೆ ಆದಾಗ ಹೋಲಿಕೆ ಗೋಜಲಾಗುತ್ತದೆ. ಅದಕ್ಕೆ ಎಲ್ಲವೂ ಸಮಾನವಾಗಿರುವ ಒಂದು ಉದಾಹರಣೆ ನೋಡೋಣ. 2023ರ ಜನವರಿ 10ರಂದು ಎಎಂಡಿ ಡೆಸ್ಕ್‌ಟಾಪ್‌ಗೆಂದು ಮೂರು ಪ್ರೊಸೆಸರ್ ಬಿಡುಗಡೆ ಮಾಡಿತು. ಮೂರದ್ದೂ ಒಂದೇ ವಿನ್ಯಾಸ, ಮೂರೂ ಒಂದೇ ಮದರ್‌ಬೋರ್ಡ್‌ನಲ್ಲಿ ಕೂರುತ್ತವೆ, ಮೂರಕ್ಕೂ ಹೇಳಿರುವ ವಿದ್ಯುತ್ ಮಟ್ಟ 65 ವ್ಯಾಟ್.

ರೈಜನ್ 5 7600: ಆರು ಕೋರ್, ಗರಿಷ್ಠ ವೇಗ 5.1 ಗಿಗಾಹರ್ಟ್ಸ್, ಬಿಡುಗಡೆಯ ಬೆಲೆ 229 ಡಾಲರ್.
ರೈಜನ್ 7 7700: ಎಂಟು ಕೋರ್, 5.3 ಗಿಗಾಹರ್ಟ್ಸ್, 329 ಡಾಲರ್.
ರೈಜನ್ 9 7900: ಹನ್ನೆರಡು ಕೋರ್, 5.4 ಗಿಗಾಹರ್ಟ್ಸ್, 429 ಡಾಲರ್.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ರೂಪಾಯಿ ಲೆಕ್ಕ ವಾರಕ್ಕೊಮ್ಮೆ ಬದಲಾಗುತ್ತದೆ, ಅದನ್ನು ಬಿಡಿ. ನೋಡಬೇಕಾದದ್ದು ಅನುಪಾತ. ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ ಬೆಲೆ ಶೇ 44ರಷ್ಟು ಏರುತ್ತದೆ, ಕೋರ್‌ಗಳು ಶೇ 33ರಷ್ಟು ಹೆಚ್ಚುತ್ತವೆ, ಒಂದು ಕೋರ್‌ನ ಗರಿಷ್ಠ ವೇಗ ಹೆಚ್ಚುವುದು ಶೇ 4ರಷ್ಟು ಮಾತ್ರ. ಮೊದಲನೆಯದರಿಂದ ಮೂರನೆಯದಕ್ಕೆ ಜಿಗಿದರೆ ಬೆಲೆ ಶೇ 87ರಷ್ಟು ಏರುತ್ತದೆ, ಕೋರ್‌ಗಳು ಎರಡು ಪಟ್ಟಾಗುತ್ತವೆ, ಗರಿಷ್ಠ ವೇಗ ಶೇ 6ರಷ್ಟು ಹೆಚ್ಚುತ್ತದೆ.

ಇಲ್ಲೊಂದು ವಿಚಿತ್ರ ಕಾಣಿಸಿತೇ? ಕೋರ್ ಒಂದಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಿದರೆ ಅತಿ ದುಬಾರಿಯಾದ ಪ್ರೊಸೆಸರೇ ಮೂರರಲ್ಲಿ ಅಗ್ಗ. ಒಂದು ಕೋರ್‌ನ ವೇಗಕ್ಕೆ ಎಷ್ಟು ಬಿತ್ತು ಎಂದು ನೋಡಿದರೆ ಅದೇ ಪ್ರೊಸೆಸರ್ ಮೂರರಲ್ಲಿ ತೀರಾ ದುಬಾರಿ. ಎರಡು ಲೆಕ್ಕವೂ ಸರಿ. ನಿಮಗೆ ಯಾವುದು ಅನ್ವಯಿಸುತ್ತದೆ ಎಂಬುದು ನಿಮ್ಮ ಕೆಲಸ ಎಂಥದ್ದು ಎಂಬುದರ ಮೇಲೆ ನಿಂತಿದೆ. ಮಧ್ಯದ ಎಂಟು ಕೋರ್‌ನದು ಮಾತ್ರ ಎರಡೂ ಲೆಕ್ಕದಲ್ಲಿ ಗೆಲ್ಲುವುದಿಲ್ಲ: ಕೋರ್ ಲೆಕ್ಕದಲ್ಲಿ ಮೂರರಲ್ಲಿ ಅದೇ ದುಬಾರಿ, ವೇಗದ ಲೆಕ್ಕದಲ್ಲಿ ನಡುವಿನದು. "ಯಾವುದಕ್ಕೂ ಇರಲಿ" ಎಂದು ಮಧ್ಯದ್ದನ್ನು ಆರಿಸುವ ನಮ್ಮ ಅಭ್ಯಾಸವನ್ನು ಕಂಪನಿಗಳು ಚೆನ್ನಾಗಿ ಬಲ್ಲವು.

ಇನ್ನೂ ಒಂದು ಸಂಗತಿ: 7600 ಮತ್ತು 7700 ಎರಡರೊಳಗೂ ಇರುವುದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯಲ್ಲಿ ತಯಾರಾದ ಎಂಟು ಕೋರ್‌ಗಳ ಒಂದೇ ಬಗೆಯ ಸಿಲಿಕಾನ್ ತುಂಡು. 7600ರಲ್ಲಿ ಎರಡು ಕೋರ್‌ಗಳನ್ನು ಮುಚ್ಚಿರುತ್ತಾರೆ. ತಯಾರಿಕೆಯಲ್ಲಿ ಎಲ್ಲ ತುಂಡುಗಳೂ ನೂರಕ್ಕೆ ನೂರು ಸರಿಯಾಗಿ ಬರುವುದಿಲ್ಲ; ಒಂದೆರಡು ಕೋರ್ ಕೆಟ್ಟದ್ದನ್ನು, ಅಥವಾ ಹೆಚ್ಚಿನ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಡುವುದನ್ನು ಎಸೆಯದೆ ಕೆಳಗಿನ ದರ್ಜೆಯಲ್ಲಿ ಮಾರುತ್ತಾರೆ. ಬೇಡಿಕೆ ಇದ್ದರೆ ಪೂರ್ತಿ ಸರಿಯಿರುವುದನ್ನೂ ಹಾಗೆ ಮಾರುವುದುಂಟು. 7900ರಲ್ಲಿ ಇಂಥ ಎರಡು ತುಂಡುಗಳಿವೆ, ಒಂದೊಂದರಲ್ಲಿ ಆರು ಕೋರ್ ತೆರೆದಿವೆ. ಹಾಗಾಗಿ ಬೆಲೆಯ ಅಂತರವನ್ನು ಗುಣಮಟ್ಟದ ಅಂತರ ಎಂದು ಓದಬಾರದು. ಅಗ್ಗದ ಪ್ರೊಸೆಸರ್ ಬೇಗ ಕೆಡುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಅತಿಯಾಗಿ ಅಸ್ಥಿರತೆ ಉಂಟಾಗುತ್ತಿದೆ ಎಂದು 2024ರಲ್ಲಿ ಆ ಕಂಪನಿಯೇ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತಲ್ಲ, ಆಗ ಹೆಚ್ಚು ದೂರು ಬಂದದ್ದು ಮೇಲಿನ ದರ್ಜೆಯವುಗಳ ಬಗ್ಗೆಯೇ.

ಹನ್ನೆರಡು ಜನ ಕೂತರೆ ಅಡಿಕೆ ಬೇಗ ಸುಲಿಯಬಹುದು, ಆದರೆ…

ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಸಮಯ ಎಂದುಕೊಳ್ಳಿ. ಸುಲಿಯಲು ಆರು ಜನರ ಬದಲು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಕೂತರೆ ರಾಶಿ ಅರ್ಧ ಹೊತ್ತಿನಲ್ಲಿ ಕರಗುತ್ತದೆ. ಒಬ್ಬರು ಸುಲಿಯುವುದಕ್ಕೆ ಇನ್ನೊಬ್ಬರನ್ನು ಕಾಯಬೇಕಿಲ್ಲ. ಆಮೇಲೆ ಬೇಯಿಸಬೇಕು. ಹಂಡೆ ಒಂದೇ. ಹನ್ನೆರಡು ಜನ ಸುತ್ತ ನಿಂತರೂ ನೀರು ಕುದಿಯುವ ಹೊತ್ತಿಗೇ ಕುದಿಯುತ್ತದೆ. ಒಣಗಿಸುವುದಂತೂ ಬಿಸಿಲಿನ ಕೈಯಲ್ಲಿದೆ. ಕಂಪ್ಯೂಟರ್ ಕೆಲಸದಲ್ಲೂ ಹಂಚಬಹುದಾದ ಭಾಗ, ಹಂಚಲಾಗದ ಭಾಗ ಎಂದು ಎರಡಿರುತ್ತವೆ. ಹೆಚ್ಚು ಕೋರ್‌ಗಳು ಸಹಾಯ ಮಾಡುವುದು ಮೊದಲನೆಯದಕ್ಕೆ ಮಾತ್ರ.

ಈ ವಿಚಾರವನ್ನು ಅಮೆರಿಕದ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದರು. ಇಂದಿಗೂ ಅದು ಆಮ್ಡಾಲ್ ನಿಯಮ ಎಂದೇ ಹೆಸರಾಗಿದೆ. ಸೂತ್ರದ ಗೊಡವೆ ಬೇಡ, ಗಡಿಯಾರದಲ್ಲೇ ನೋಡೋಣ.

ಒಂದು ಕೋರ್ 60 ನಿಮಿಷ ತೆಗೆದುಕೊಳ್ಳುವ ಕೆಲಸವಿದೆ. ಅದರಲ್ಲಿ ಅರ್ಧ ಮಾತ್ರ ಹಂಚಬಹುದು. ಆರು ಕೋರ್‌ಗಳಲ್ಲಿ ಅದಕ್ಕೆ 30 ಮತ್ತು 5, ಒಟ್ಟು 35 ನಿಮಿಷ ಬೇಕು. ಹನ್ನೆರಡು ಕೋರ್‌ಗಳಲ್ಲಿ 30 ಮತ್ತು ಎರಡೂವರೆ, ಅಂದರೆ 32 ನಿಮಿಷ 30 ಸೆಕೆಂಡ್. ಸುಮಾರು ಎರಡು ಪಟ್ಟು ಹಣಕ್ಕೆ ಸಿಕ್ಕಿದ್ದು ಎರಡೂವರೆ ನಿಮಿಷ. ಇನ್ನೊಂದು ಕೆಲಸದಲ್ಲಿ 60 ನಿಮಿಷಗಳ ಪೈಕಿ 57 ನಿಮಿಷದ ಭಾಗವನ್ನು ಹಂಚಬಹುದು ಎನ್ನಿ. ಆರು ಕೋರ್‌ಗಳಲ್ಲಿ 12 ನಿಮಿಷ 30 ಸೆಕೆಂಡ್, ಹನ್ನೆರಡರಲ್ಲಿ 7 ನಿಮಿಷ 45 ಸೆಕೆಂಡ್. ಇದು ಕಣ್ಣಿಗೆ ಕಾಣುವ ಉಳಿತಾಯ. ವಾಸ್ತವದಲ್ಲಿ ಇದಕ್ಕಿಂತ ತುಸು ಕಡಿಮೆಯೇ ಸಿಗುತ್ತದೆ, ಏಕೆಂದರೆ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಬಿಸಿ ಹೆಚ್ಚಿ ಒಂದೊಂದರ ವೇಗ ಸ್ವಲ್ಪ ಇಳಿಯುತ್ತದೆ.

ನಿಮ್ಮ ಕೆಲಸ ಯಾವ ಬಗೆಯದು

ನುಡಿ ಅಥವಾ ಬರಹದಲ್ಲಿ ಟೈಪಿಂಗ್, ಟ್ಯಾಲಿ ಲೆಕ್ಕ, ಆನ್‌ಲೈನ್ ತರಗತಿ, ಬ್ರೌಸರ್, ಇಮೇಲ್, ಸಿನಿಮಾ: ಇವುಗಳಲ್ಲಿ ಹೆಚ್ಚಿನ ಹೊತ್ತು ಪ್ರೊಸೆಸರ್ ನಿಮಗಾಗಿ ಕಾಯುತ್ತಿರುತ್ತದೆ. ಈಚಿನ ಯಾವುದೇ ಐ3 ಅಥವಾ ರೈಜನ್ 3 ಇದಕ್ಕೆ ಧಾರಾಳ ಸಾಕು. ಇಲ್ಲಿ ದುಬಾರಿ ಪ್ರೊಸೆಸರ್‌ಗೆ ಹಣ ಹಾಕುವುದನ್ನು ಸಮರ್ಥಿಸುವ ಒಂದು ಕಾರಣವೂ ನನಗೆ ಹೊಳೆಯುತ್ತಿಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಿಷಯ ತುಸು ಬೇರೆ, ಮತ್ತು ಅವರಿಗೇ ಅಂಗಡಿಯಲ್ಲಿ ಹೆಚ್ಚು ಒತ್ತಡ. ಆಟೋಕ್ಯಾಡ್‌ನ ಬಹುಪಾಲು ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ಮೂರು ಆಯಾಮದ ಭಾಗಗಳ ವಿನ್ಯಾಸ ಮಾಡುವ ತಂತ್ರಾಂಶಗಳಲ್ಲೂ ಮಾದರಿ ಕಟ್ಟುವ ಹಂತ ಹಾಗೆಯೇ. ಇವರಿಗೆ ಒಂದು ಕೋರ್‌ನ ವೇಗ ಮುಖ್ಯ, ಅಂದರೆ ಹೊಸ ಪೀಳಿಗೆಯ ಮಧ್ಯಮ ದರ್ಜೆಯ ಪ್ರೊಸೆಸರ್ ಸಾಕು. ಅದೇ ಮಾದರಿಯನ್ನು ಫೋಟೊದಂತೆ ಕಾಣುವ ಚಿತ್ರವಾಗಿ ರೆಂಡರ್ ಮಾಡುವಾಗ ಪ್ರತಿ ಕೋರ್‌ಗೂ ಕೆಲಸವಿರುತ್ತದೆ. ದೊಡ್ಡ ತಂತ್ರಾಂಶದ ಕೋಡ್ ಕಂಪೈಲ್ ಮಾಡುವುದೂ (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವುದೂ) ಚೆನ್ನಾಗಿ ಹಂಚಿಕೆಯಾಗುವ ಕೆಲಸ. ಆದರೆ ಮೊದಲ ಎರಡು ವರ್ಷ ಕಾಲೇಜಿನಲ್ಲಿ ಬರೆಯುವ ನೂರಿನ್ನೂರು ಸಾಲಿನ ಪ್ರೋಗ್ರಾಂ ಎಂಥ ಪ್ರೊಸೆಸರ್‌ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಎಕ್ಸೆಲ್‌ನದು ಎರಡೂ ಮುಖ. ಹಾಳೆಯ ಸೂತ್ರಗಳನ್ನು ಅದು ಹಲವು ಕೋರ್‌ಗಳಿಗೆ ಹಂಚಬಲ್ಲದು. ಮ್ಯಾಕ್ರೋಗಳನ್ನು, ಅಂದರೆ ಹಲವು ಹೆಜ್ಜೆಗಳನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂಗಳನ್ನು, ಒಂದೇ ಸಾಲಿನಲ್ಲಿ ಓಡಿಸುತ್ತದೆ. ಲೆಕ್ಕಪತ್ರದ ಕಚೇರಿಗಳಲ್ಲಿ ದುಬಾರಿ ಯಂತ್ರ ತಂದರೂ ಹಳೆಯ ಮ್ಯಾಕ್ರೋ ಅಷ್ಟೇ ನಿಧಾನ ಎಂಬ ಗೊಣಗಾಟಕ್ಕೆ ಕಾರಣ ಇದು.

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ ಕೋರ್‌ಗಳಿಗಿಂತ ಮೊದಲು ತಿಳಿಯಬೇಕಾದದ್ದು ಒಂದಿದೆ. ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ಕೆಲಸಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿರುತ್ತದೆ. ಅದರ ಹೆಸರು ಕ್ವಿಕ್ ಸಿಂಕ್. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲೂ ಇಂಥದ್ದು ಇರುತ್ತದೆ. ಇದು ಕೆಲಸಕ್ಕೆ ಇಳಿದರೆ ಕೋರ್‌ಗಳ ಎಣಿಕೆಗೆ ಅಷ್ಟು ಬೆಲೆಯಿಲ್ಲ. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ತುಸು ಅಗ್ಗ. ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದ ಕ್ವಿಕ್ ಸಿಂಕ್ ಕೂಡ ಇಲ್ಲ. ಆಟ ಆಡುವವರಿಗೆ ಇದರಿಂದ ನಷ್ಟವಿಲ್ಲ, ವಿಡಿಯೊದವರಿಗೆ ಇದೆ.

ಹಣವನ್ನು ಗಂಟೆಗಳಿಗೆ ಭಾಗಿಸಿ

ಮೇಲೆ ಹೇಳಿದ, 57 ನಿಮಿಷದ ಭಾಗವನ್ನು ಹಂಚಬಹುದಾದ ಕೆಲಸವನ್ನೇ ತೆಗೆದುಕೊಳ್ಳೋಣ. ಆರು ಕೋರ್ ಬದಲು ಹನ್ನೆರಡು ಇದ್ದರೆ ಒಂದು ಸಲಕ್ಕೆ ಉಳಿಯುವುದು 4 ನಿಮಿಷ 45 ಸೆಕೆಂಡ್. ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ 300 ದಿನ ಮಾಡುವವರಿಗೆ ವರ್ಷದಲ್ಲಿ 95 ಗಂಟೆ ಉಳಿಯುತ್ತದೆ. ಮೂರು ವರ್ಷಕ್ಕೆ 285 ಗಂಟೆ. ಹೆಚ್ಚಿಗೆ ಕೊಟ್ಟದ್ದು 20,000 ರೂಪಾಯಿ ಎಂದಾದರೆ ಉಳಿದ ಗಂಟೆಯೊಂದಕ್ಕೆ ಸುಮಾರು 70 ರೂಪಾಯಿ ಬಿತ್ತು. ಕೊಡಬಹುದು. ಅದೇ ಕೆಲಸವನ್ನು ವಾರಕ್ಕೊಮ್ಮೆ ಮಾಡುವವರಿಗೆ ಮೂರು ವರ್ಷದಲ್ಲಿ ಉಳಿಯುವುದು ಹನ್ನೆರಡು ಗಂಟೆ ಚಿಲ್ಲರೆ; ಗಂಟೆಗೆ 1,600 ರೂಪಾಯಿ ದಾಟುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲಸ ಓಡುತ್ತಿರುವಾಗ ನೀವು ಊಟಕ್ಕೆ ಹೋಗುವವರಾದರೆ, ಅಥವಾ ರಾತ್ರಿ ಓಡಲು ಬಿಟ್ಟು ಮಲಗುವವರಾದರೆ, ಉಳಿದ ಗಂಟೆ ನಿಮ್ಮದಲ್ಲ, ಯಂತ್ರದ್ದು. ಅದಕ್ಕೆ ಹಣ ಕೊಡುವ ಅಗತ್ಯವಿಲ್ಲ.

ಐ7 ಎಂಬ ಹೆಸರು ಏನನ್ನೂ ಖಾತರಿಪಡಿಸುವುದಿಲ್ಲ

ಇಂಟೆಲ್ 2008ರಲ್ಲಿ ಐ7 ಎಂಬ ಹೆಸರು ತಂದಿತು. ಆಮೇಲೆ ಬಂದ ಐ5, ಐ3 ಮತ್ತು 2017ರಲ್ಲಿ ಬಂದ ಐ9 ಎಲ್ಲವೂ ಆಯಾ ಪೀಳಿಗೆಯೊಳಗಿನ ದರ್ಜೆಗಳು. ಎರಡು ಪೀಳಿಗೆಗಳ ನಡುವೆ ಅವಕ್ಕೆ ಅರ್ಥವಿಲ್ಲ. ಹೆಸರಿನ ಮುಂದಿನ ಸಂಖ್ಯೆಯನ್ನು ಓದಬೇಕು: ಐ5-13500ಎಚ್ ಎಂದರೆ 13ನೇ ಪೀಳಿಗೆ, ಆ ಪೀಳಿಗೆಯಲ್ಲಿ 500 ಎಂಬ ಸ್ಥಾನ, ಎಚ್ ಎಂದರೆ ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ಕೆಲಸ ಮಾಡುವ ಲ್ಯಾಪ್‌ಟಾಪ್ ಬಗೆ. ಯು ಇದ್ದರೆ ಬ್ಯಾಟರಿ ಉಳಿಸುವ ಬಗೆ.

ಈಗ ಇದೇ ಐ5-13500ಎಚ್ ಪಕ್ಕದಲ್ಲಿ ಐ7-1355ಯು ಇಡಿ. ಐ7ನಲ್ಲಿ ವೇಗದ ದೊಡ್ಡ ಕೋರ್ ಇರುವುದು ಎರಡೇ, ಜೊತೆಗೆ ವಿದ್ಯುತ್ ಉಳಿಸುವ ಎಂಟು ಚಿಕ್ಕ ಕೋರ್. ಮೂಲ ವಿದ್ಯುತ್ ಮಟ್ಟ 15 ವ್ಯಾಟ್. ಐ5ನಲ್ಲಿ ನಾಲ್ಕು ದೊಡ್ಡವು, ಎಂಟು ಚಿಕ್ಕವು, 45 ವ್ಯಾಟ್. ಭಾರದ ಕೆಲಸ ಕೊಟ್ಟರೆ ಐ5 ಮುಂದೆ ಹೋಗುತ್ತದೆ, ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ. "ಐ7 ಅಂದಮೇಲೆ ಐ5ಗಿಂತ ವೇಗ" ಎನ್ನುವ ಮಾರಾಟಗಾರರು ಇದನ್ನು ಹೇಳುವುದು ಅಪರೂಪ.

ಎಎಂಡಿಯವರೂ ಕಡಿಮೆಯೇನಿಲ್ಲ. 2023ರ ಲ್ಯಾಪ್‌ಟಾಪ್ ಸಾಲಿನಲ್ಲಿ ರೈಜನ್ 5 7520ಯು, 7530ಯು, 7540ಯು ಎಂಬ ಮೂರು ಪ್ರೊಸೆಸರ್‌ಗಳಿವೆ. ನೋಡಲು ಅಕ್ಕ ತಂಗಿಯರಂತಿವೆ. ಮೊದಲನೆಯದು 2019ರಲ್ಲಿ ಬಂದ ಜೆನ್ 2 ವಿನ್ಯಾಸದ್ದು, ನಾಲ್ಕು ಕೋರ್. ಎರಡನೆಯದು ಜೆನ್ 3, ಆರು ಕೋರ್. ಮೂರನೆಯದು ಜೆನ್ 4, ಆರು ಕೋರ್. ಆ ಸಾಲಿನ ಸಂಖ್ಯೆಗಳಲ್ಲಿ ಮೂರನೆಯ ಅಂಕಿಯೇ ನಿಜವಾದ ಪೀಳಿಗೆ; ಮೊದಲನೆಯದು ಮಾರುಕಟ್ಟೆಗೆ ಬಂದ ವರ್ಷದ ಗುರುತು. ಇಲ್ಲಿ ತುಸು ಹೆಚ್ಚು ಕೊಟ್ಟು 7520ಯು ಬಿಟ್ಟು 7530ಯು ಕೊಳ್ಳುವುದು ಜಾಣತನ. ಹೆಚ್ಚುವರಿ ಹಣ ವ್ಯರ್ಥ ಎಂದೇ ನಾನು ವಾದಿಸುತ್ತಿಲ್ಲ ಎಂಬುದಕ್ಕೆ ಇದು ಸಾಕ್ಷಿಯಾಗಲಿ.

ಲ್ಯಾಪ್‌ಟಾಪ್‌ನಲ್ಲಿ ಹೊದಿಕೆಯೇ ವೇಗವನ್ನು ತೀರ್ಮಾನಿಸುತ್ತದೆ

ಒಂದೇ ಪ್ರೊಸೆಸರ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ರೀತಿ ಓಡಬಹುದು. 2020ರ ನವೆಂಬರ್‌ನಲ್ಲಿ ಆಪಲ್ ಒಂದೇ ಎಂ1 ಚಿಪ್ ಹಾಕಿದ ಮ್ಯಾಕ್‌ಬುಕ್ ಏರ್ ಮತ್ತು 13 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತು. ಏರ್‌ನಲ್ಲಿ ಫ್ಯಾನ್ ಇಲ್ಲ, ಪ್ರೊದಲ್ಲಿ ಇದೆ. ಸಣ್ಣಪುಟ್ಟ ಕೆಲಸಗಳಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಹಳ ಹೊತ್ತು ಸತತವಾಗಿ ದುಡಿಸಿದರೆ ಏರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಪ್ರೊ ಅದೇ ವೇಗದಲ್ಲಿ ಮುಂದುವರಿಯುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಇನ್ನೂ ಹೆಚ್ಚು. ತೆಳ್ಳಗಿನ ಲ್ಯಾಪ್‌ಟಾಪ್‌ಗೆ ದುಬಾರಿ ಪ್ರೊಸೆಸರ್ ಹಾಕಿಸಿಕೊಂಡರೆ ಅದರ ಶಕ್ತಿ ಮೊದಲ ಕೆಲವು ನಿಮಿಷ ಮಾತ್ರ ಕಾಣಿಸಬಹುದು. ಇಂಥಲ್ಲಿ ಅದೇ ಹಣವನ್ನು ಒಳ್ಳೆಯ ಫ್ಯಾನ್ ಇರುವ, ತುಸು ದಪ್ಪನೆಯ ಲ್ಯಾಪ್‌ಟಾಪ್‌ಗೆ ಹಾಕಬೇಕು.

ಇನ್ನೊಂದು ಕಡೆಯಿಂದ ನೋಡಿದರೆ, ಲ್ಯಾಪ್‌ಟಾಪ್‌ನ ಪ್ರೊಸೆಸರನ್ನು ಬೋರ್ಡ್‌ಗೆ ಬೆಸೆದಿರುತ್ತಾರೆ, ಮುಂದೆ ಬದಲಿಸಲಾಗುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಹಾಗಿಲ್ಲ. ಆದ್ದರಿಂದ ಎರಡು ದರ್ಜೆಗಳ ನಡುವೆ ತೂಗಾಡುತ್ತಿರುವವರು ಡೆಸ್ಕ್‌ಟಾಪ್‌ನಲ್ಲಿ ಕೆಳಗಿನದನ್ನು ಧೈರ್ಯವಾಗಿ ಕೊಳ್ಳಬಹುದು. ಲ್ಯಾಪ್‌ಟಾಪ್‌ನಲ್ಲಿ ಮೇಲಿನದಕ್ಕೆ ಹೋಗುವುದರಲ್ಲಿ ಸ್ವಲ್ಪ ಅರ್ಥವಿದೆ.

ನಿಧಾನಕ್ಕೆ ಕಾರಣ ಬೇರೆಡೆ ಇರಬಹುದು

"ಕಂಪ್ಯೂಟರ್ ನಿಧಾನ" ಎಂಬ ದೂರಿಗೆ ಬಹಳ ಸಲ ಪ್ರೊಸೆಸರ್ ಹೊಣೆಯಲ್ಲ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿ ಇರುವ ಜಾಗಕ್ಕೆ ಓದುವ ಮುಳ್ಳು ಸರಿದು ತಲುಪಲು ಸುಮಾರು 10 ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಯಲ್ಲಿ ಸರಿಯುವ ಭಾಗವೇ ಇಲ್ಲ, ಅದರ ನೂರನೇ ಒಂದು ಪಾಲಿನಷ್ಟು ಸಮಯ ಸಾಕು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಹಳೆಯ ಐ3, ಹಾರ್ಡ್ ಡಿಸ್ಕ್ ಇರುವ ಐ7ಗಿಂತ ಚುರುಕಾಗಿ ತೆರೆದುಕೊಳ್ಳುತ್ತದೆ. ರ‍್ಯಾಮ್ 8 ಜಿಬಿ ಇದ್ದು ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಡುವವರಿಗೆ ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ, 16 ಜಿಬಿ ಮಾಡಿಸಬೇಕು. ಸಾಧ್ಯವಾದರೆ ಒಂದೇ ಕಡ್ಡಿಯ ಬದಲು ಎರಡು ಕಡ್ಡಿ ಹಾಕಿಸಿ. ಆಗ ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ ಎರಡು ದಾರಿ ತೆರೆಯುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ ಇದರ ಫಲ ಚೆನ್ನಾಗಿಯೇ ಕಾಣುತ್ತದೆ.

ಈಗಿರುವ ಕಂಪ್ಯೂಟರ್‌ನಲ್ಲೇ ಪರೀಕ್ಷೆ ಮಾಡಿ. ಕೆಲಸ ನಿಧಾನವಾದ ಹೊತ್ತಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಕಡೆ ನೋಡಿ. ಡಿಸ್ಕ್ ನೂರಕ್ಕೆ ನೂರು ಎಂದಿದ್ದರೆ ಎಸ್‌ಎಸ್‌ಡಿ ಬೇಕು. ಮೆಮೊರಿ ತೊಂಬತ್ತರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಬೇಕು. ಪ್ರೊಸೆಸರ್ (ಅಲ್ಲಿ ಸಿಪಿಯು ಎಂದಿರುತ್ತದೆ) ನೂರರ ಬಳಿ ಬಹಳ ಹೊತ್ತು ನಿಂತಿದ್ದರೆ ಹೆಚ್ಚು ಕೋರ್‌ಗಳು ಉಪಯೋಗಕ್ಕೆ ಬರುತ್ತವೆ. ಒಂದು ಮೋಸದ ಅಂಕಿಯ ಬಗ್ಗೆ ಎಚ್ಚರ ಇರಲಿ: ಹನ್ನೆರಡು ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದೇ ಸಾಲಿನ ಕೆಲಸ ಪೂರ್ತಿ ಬಿಗಿಯಾಗಿ ನಡೆಯುತ್ತಿದ್ದರೂ ಒಟ್ಟು ಬಳಕೆ ಶೇ 8ರ ಹತ್ತಿರ ಮಾತ್ರ ತೋರಿಸುತ್ತದೆ. ಕೆಲಸ ತೆವಳುತ್ತಿದೆ, ಅಂಕಿ ಎಂಟೋ ಹತ್ತೋ ಇದೆ, ಡಿಸ್ಕೂ ಮೆಮೊರಿಯೂ ಖಾಲಿ ಇವೆ ಎಂದರೆ ನಿಮಗೆ ಬೇಕಾಗಿರುವುದು ಹೊಸ ಪೀಳಿಗೆಯ, ಪ್ರತಿ ಕೋರ್ ವೇಗವಾಗಿರುವ ಪ್ರೊಸೆಸರ್. ಕೋರ್ ಹೆಚ್ಚಿಸಿ ಲಾಭವಿಲ್ಲ.

ಆಟಗಳಲ್ಲಿ ಲೆಕ್ಕ ತಿರುಗುಮುರುಗು

ಎಎಂಡಿಯ ರೈಜನ್ 9 7950ಎಕ್ಸ್ 16 ಕೋರ್‌ಗಳದು; 2022ರ ಸೆಪ್ಟೆಂಬರ್‌ನಲ್ಲಿ 699 ಡಾಲರ್‌ಗೆ ಬಂತು. 2023ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 7800ಎಕ್ಸ್3ಡಿಯಲ್ಲಿ ಎಂಟೇ ಕೋರ್, ಬೆಲೆ 449 ಡಾಲರ್. ಹೆಚ್ಚಿನ ಆಟಗಳಲ್ಲಿ ಗೆದ್ದದ್ದು ಅಗ್ಗದ್ದೇ. ಅದರ ಸಿಲಿಕಾನ್ ತುಂಡಿನ ಮೇಲೆ ಇನ್ನೊಂದು ಪದರ ಕ್ಯಾಶ್ ಕೂರಿಸಿ 96 ಎಂಬಿ ಮಾಡಿದ್ದಾರೆ. ಆಟಗಳು ಒಂದೇ ಮಾಹಿತಿಯನ್ನು ಪದೇ ಪದೇ ಕೇಳುವುದರಿಂದ ಈ ಕ್ಯಾಶ್ ಕೋರ್‌ಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆದರೂ ಮೊದಲು ಮಾನಿಟರ್ ನೋಡಿ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸುವುದಿಲ್ಲ. ಪ್ರೊಸೆಸರ್ 150 ಚಿತ್ರಗಳಿಗೆ ಸಾಕಾಗುವಷ್ಟು ಲೆಕ್ಕ ಮಾಡಿದರೂ ನೋಡುವವರಿಗೆ ಸಿಗುವುದು ಅರವತ್ತೇ. 4ಕೆ ಪರದೆಯಲ್ಲಂತೂ ಹೊರೆಯೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ ಬೀಳುತ್ತದೆ. ಆಟಕ್ಕೆಂದೇ ಡೆಸ್ಕ್‌ಟಾಪ್ ಕಟ್ಟಿಸುವವರು ಪ್ರೊಸೆಸರ್‌ನಲ್ಲಿ ಉಳಿಸಿದ್ದನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕುವುದು ವಾಡಿಕೆ. ಅದು ಸರಿಯಾದ ವಾಡಿಕೆ.

ಪ್ರೊಸೆಸರ್ ಬೆಲೆಯ ಹಿಂದೆ ಬರುವ ಬೆಲೆಗಳು

ಬೆಲೆಪಟ್ಟಿಯಲ್ಲಿ ಕಾಣುವ ಅಂತರ ಪೂರ್ತಿ ಅಂತರವಲ್ಲ. ರೈಜನ್ 5 7600 ಜೊತೆ ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ. ಅದರದೇ ಹೆಚ್ಚು ವೇಗದ ರೂಪವಾದ 7600ಎಕ್ಸ್ ಜೊತೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಇಂಟೆಲ್‌ನ ಐ9-13900ಕೆ ಪೂರ್ತಿ ಓಡುವಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದಕ್ಕೆ ಗಟ್ಟಿ ಮದರ್‌ಬೋರ್ಡ್, ವಿದ್ಯುತ್ ಪೂರೈಸುವ ದೊಡ್ಡ ಎಸ್‌ಎಂಪಿಎಸ್, ದುಬಾರಿ ಕೂಲರ್ ಬೇಕು. ಕರೆಂಟ್ ಹೋದಾಗ ಮನೆಯ ಚಿಕ್ಕ ಯುಪಿಎಸ್ ಅದನ್ನು ತಾಳಿಕೊಳ್ಳುವುದೇ ಎಂಬುದನ್ನೂ ನೋಡಬೇಕು. ವಿದ್ಯುತ್ ಬಿಲ್ ಅಷ್ಟು ದೊಡ್ಡ ವಿಷಯವಲ್ಲ: ದಿನಕ್ಕೆ ನಾಲ್ಕು ಗಂಟೆ 100 ವ್ಯಾಟ್ ಹೆಚ್ಚಿಗೆ ಬಳಸಿದರೆ ವರ್ಷಕ್ಕೆ 146 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 900 ರೂಪಾಯಿಯ ಒಳಗೆ.

ಈಚೆಗೆ ಇನ್ನೊಂದು ಆಕರ್ಷಣೆ ಸೇರಿದೆ. ಪ್ರೊಸೆಸರ್ ಒಳಗೇ ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದು ಎನ್‌ಪಿಯು ಎಂಬ ಭಾಗ ಇರುತ್ತದೆ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಘೋಷಿಸಿದ ಕೋಪೈಲಟ್ ಪ್ಲಸ್ ಎಂಬ ದರ್ಜೆಗೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು, 16 ಜಿಬಿ ರ‍್ಯಾಮ್ ಇರಬೇಕು. ಆದರೆ ನೀವು ಬ್ರೌಸರ್‌ನಲ್ಲಿ ಪ್ರಶ್ನೆ ಕೇಳುವ ಚಾಟ್ ಸೇವೆಗಳ ಲೆಕ್ಕ ನಡೆಯುವುದು ದೂರದ ಡೇಟಾ ಕೇಂದ್ರಗಳಲ್ಲಿ. ಅವುಗಳಿಗಾಗಿ ಎನ್‌ಪಿಯು ಇರುವ ಲ್ಯಾಪ್‌ಟಾಪ್ ಕೊಳ್ಳಬೇಕಿಲ್ಲ.

"ಮುಂದೆ ಬೇಕಾಗಬಹುದು" ಎಂಬ ವಾದ

2017ರ ಜನವರಿಯಲ್ಲಿ ಇಂಟೆಲ್‌ನ ಐ7-7700ಕೆ ಬಂತು. ಮನೆಬಳಕೆಯ ಡೆಸ್ಕ್‌ಟಾಪ್ ಸಾಲಿನಲ್ಲಿ ಆಗ ಅದೇ ಮೇಲಿನದು, ಪಟ್ಟಿಯ ಬೆಲೆ 339 ಡಾಲರ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐ3-8100 ಬಂತು, 117 ಡಾಲರ್. ವಿಂಡೋಸ್ 11ರ ಪಟ್ಟಿಯಲ್ಲಿ ಐ3-8100 ಇದೆ, ಐ7-7700ಕೆ ಇಲ್ಲ. ಮುಂದಿನ ವರ್ಷಗಳಿಗೆಂದು ಮೂರು ಪಟ್ಟು ಹಣ ಕೊಟ್ಟವರನ್ನು ಹೊರಗಿಟ್ಟದ್ದು ವೇಗದ ಕೊರತೆಯಲ್ಲ, ಪೀಳಿಗೆಯ ಸಂಖ್ಯೆ.

ಡೆಸ್ಕ್‌ಟಾಪ್ ಕೊಳ್ಳುವವರು ಈ ವಾದವನ್ನು ತಿರುಗಿಸಿ ಹಾಕಬಹುದು. ಎಎಂಡಿಯ ಎಎಂ4 ಸಾಕೆಟ್‌ನ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಮೊದಲ ರೈಜನ್ ಪ್ರೊಸೆಸರ್‌ಗಳು 2017ರಲ್ಲಿ ಬಂದವು. 2022ರಲ್ಲೂ ಅದೇ ಸಾಕೆಟ್‌ಗೆ 5800ಎಕ್ಸ್3ಡಿ ಎಂಬ ಹೊಸ ಪ್ರೊಸೆಸರ್ ಬಂತು. ಈಗಿನ ಎಎಂ5 ಸಾಕೆಟ್‌ಗೆ 2027ರವರೆಗೂ ಅದರಾಚೆಗೂ ಬೆಂಬಲ ಇದೆ ಎಂದು ಕಂಪನಿ ಹೇಳಿದೆ. ಇಂದು ಅಗ್ಗದ ಪ್ರೊಸೆಸರ್ ಹಾಕಿಸಿ, ಉಳಿದ ಹಣವನ್ನು ಬ್ಯಾಂಕಿನಲ್ಲಿಟ್ಟು, ನಿಜವಾಗಿ ಅಗತ್ಯ ಬಿದ್ದ ದಿನ ಹೊಸದನ್ನು ಅದೇ ಬೋರ್ಡ್‌ನಲ್ಲಿ ಕೂರಿಸಬಹುದು. ಹಳೆಯದನ್ನು ಮಾರಿದರೆ ಸ್ವಲ್ಪ ಹಣ ವಾಪಸ್ ಬರುತ್ತದೆ.

ಹಣ ಕೊಡುವ ಮುನ್ನ

ಅಂಗಡಿಯವರನ್ನು "ಐ5 ಇದೆಯೇ?" ಎಂದು ಕೇಳಬೇಡಿ, ಪ್ರೊಸೆಸರ್‌ನ ಪೂರ್ತಿ ಸಂಖ್ಯೆಯನ್ನು, ಕೊನೆಯ ಅಕ್ಷರದೊಡನೆ, ಬರೆದುಕೊಡಲು ಹೇಳಿ. ಅದನ್ನು ಇಂಟೆಲ್ ಅಥವಾ ಎಎಂಡಿಯ ಅಧಿಕೃತ ತಾಣದಲ್ಲಿ ಹುಡುಕಿದರೆ ಕೋರ್, ಪೀಳಿಗೆ, ವಿದ್ಯುತ್ ಮಟ್ಟ ಎಲ್ಲವೂ ಸಿಗುತ್ತದೆ. ಅಂಕಗಳನ್ನು ಹೋಲಿಸುವಾಗ, ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್, ಗೀಕ್‌ಬೆಂಚ್ ಪರೀಕ್ಷೆಗಳಲ್ಲಿ ಒಂದು ಕೋರ್‌ನ ಅಂಕ, ಎಲ್ಲ ಕೋರ್‌ಗಳ ಅಂಕ ಎಂದು ಎರಡಿರುತ್ತವೆ. ಜಾಹೀರಾತಿನಲ್ಲಿ ಎದ್ದು ಕಾಣುವುದು ಎರಡನೆಯದು. ಆಟೋಕ್ಯಾಡ್ ಬಳಸುವವರು, ಮ್ಯಾಕ್ರೋ ಬರೆಯುವವರು ನೋಡಬೇಕಾದದ್ದು ಮೊದಲನೆಯದು. ಬಿಲ್‌ನಲ್ಲೂ ಅದೇ ಪೂರ್ತಿ ಸಂಖ್ಯೆ ಇರಲಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದು ಪ್ರೊಸೆಸರ್ ಹೆಸರನ್ನೂ ರ‍್ಯಾಮ್ ಪ್ರಮಾಣವನ್ನೂ ಬಿಲ್ ಜೊತೆ ತಾಳೆ ನೋಡಿ, ಆಮೇಲೆ ಪೆಟ್ಟಿಗೆ ಮನೆಗೆ ಒಯ್ಯಿರಿ.